ಹೊಸ ಬ್ಯಾಟರಿ ಹಾಕಿದರೂ ಜೆಟ್ ಸ್ಕೀ ಮತ್ತೆ ಮಲಗುವುದೇಕೆ?

ಜೆಟ್ ಸ್ಕೀ ಸ್ಟಾರ್ಟ್ ಆಗದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ನನ್ನ ಹತ್ತಿರ ಗಾಡಿ ತರುವವರಲ್ಲಿ ಹೆಚ್ಚಿನವರು ಅಷ್ಟರಲ್ಲೇ ಒಂದು ಬ್ಯಾಟರಿ ಬದಲಿಸಿರುತ್ತಾರೆ. ಕೆಲವರು ಎರಡು. "ಹೊಸದು ಹಾಕಿದ ಮೇಲೆ ಸ್ವಲ್ಪ ದಿನ ಚೆನ್ನಾಗೇ ಇತ್ತು ಸಾರ್, ಇದೂ ಡೂಪ್ಲಿಕೇಟ್ ಅನ್ಸುತ್ತೆ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಪಾಪ, ಬ್ಯಾಟರಿ ಒಳ್ಳೆಯದೇ ಇರುತ್ತದೆ. ಅದಕ್ಕೆ ಊಟ ಹಾಕುವವರು ಇರುವುದಿಲ್ಲ, ಅಷ್ಟೇ.

ಹೊಸ ಬ್ಯಾಟರಿ ಸಾಮಾನ್ಯವಾಗಿ ಚಾರ್ಜ್ ತುಂಬಿಕೊಂಡೇ ಗಾಡಿಗೆ ಬರುತ್ತದೆ. ಇಂಜಿನ್ ಅದಕ್ಕೆ ಒಂದು ಹನಿ ಕರೆಂಟನ್ನೂ ವಾಪಸ್ ಕೊಡದಿದ್ದರೂ ಅದು ಸೆಲ್ಫ್ ತಿರುಗಿಸುತ್ತದೆ, ಫ್ಯೂಯಲ್ ಪಂಪ್ ಓಡಿಸುತ್ತದೆ, ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಎಲ್ಲವನ್ನೂ ಸಾಕುತ್ತದೆ. ಒಂದೆರಡು ಸವಾರಿ ಆರಾಮಾಗಿ ನಡೆಯುತ್ತದೆ. ಆಮೇಲೆ ಒಂದು ದಿನ ನೀರಿನ ಮಧ್ಯೆ ಕೈ ಕೊಡುತ್ತದೆ. ಅಂದರೆ ಹೊಸ ಬ್ಯಾಟರಿ ಹಾಕಿದಾಗ ಗಾಡಿ ಸ್ಟಾರ್ಟ್ ಆಯಿತು ಅಂದರೆ ಆ ಬ್ಯಾಟರಿಯಲ್ಲಿ ಚಾರ್ಜ್ ಇತ್ತು ಅಂತ ಮಾತ್ರ ಅರ್ಥ. ಹಳೆಯದನ್ನೇ ರಾತ್ರಿಯಿಡೀ ಚಾರ್ಜರ್‌ಗೆ ಹಾಕಿದ್ದರೂ ಬಹುಶಃ ಸ್ಟಾರ್ಟ್ ಆಗುತ್ತಿತ್ತು. ತೊಂದರೆ ಎಲ್ಲಿದೆ ಅನ್ನುವುದು ಇದರಿಂದ ಗೊತ್ತಾಗುವುದೇ ಇಲ್ಲ.

ಇನ್ನೊಂದು ಗುಂಪಿನವರು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್‌ನ ಫೋಟೊ ಕಳಿಸುತ್ತಾರೆ. "12.5 ತೋರಿಸ್ತಿದೆ, ಚಾರ್ಜಿಂಗ್ ಸರಿ ಇದೆ ಅಲ್ವಾ?" ಇಂಜಿನ್ ಆನ್ ಇತ್ತಾ ಅಂತ ಕೇಳಿದರೆ ಇರಲಿಲ್ಲ! ಆಫ್ ಆಗಿದ್ದಾಗ ಮೀಟರ್ ಹೇಳುವುದು ಬ್ಯಾಟರಿಯ ಕಥೆ. ಚಾರ್ಜಿಂಗ್‌ನ ಕಥೆ ಇಂಜಿನ್ ಓಡುವಾಗ ಮಾತ್ರ ಸಿಗುತ್ತದೆ.

ನನಗೆ ಬೇಕಾಗಿರುವುದು ಮೂರು ಅಂಕಿ, ಮೂರನ್ನೂ ಬ್ಯಾಟರಿಯ ಟರ್ಮಿನಲ್ ಮೇಲೇ ಹಿಡಿದು ನೋಡಿದ್ದು. ಗಾಡಿ ಕೆಲವು ಗಂಟೆ ಸುಮ್ನೆ ನಿಂತ ಮೇಲೆ 12.6ರಿಂದ 12.8 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2ರ ಹತ್ತಿರ ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಜಾಸ್ತಿ ಇಳಿಯಬಾರದು. ಇಂಜಿನ್ ಓಡುತ್ತಾ 3000-4000 ಆರ್‌ಪಿಎಂನಲ್ಲಿ ಸಾಮಾನ್ಯವಾಗಿ 13.5ರಿಂದ 14.5ರ ಆಸುಪಾಸು ಬರಬೇಕು. ಮಾದರಿಯಿಂದ ಮಾದರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ನಿಂತಾಗ 12.5 ಇದ್ದದ್ದು ಇಂಜಿನ್ ಓಡುವಾಗ 12.2ಕ್ಕೆ ಇಳಿದು, ರೇಸ್ ಮಾಡಿದರೂ ಮೇಲೇಳದಿದ್ದರೆ ಬ್ಯಾಟರಿಗೆ ಏನೂ ಬರುತ್ತಿಲ್ಲ. ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ಓಡುವಾಗ, ಕಡಿಮೆ ಕಂಡರೆ ಗಾಬರಿ ಬೇಡ. ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಭಾಗವೇ ಸ್ಟೇಟರ್, ಅದರ ಕೆಲಸ ಇಂಜಿನ್ ವೇಗದ ಮೇಲೆ ನಿಂತಿದೆ.

ಪರೀಕ್ಷೆಗೆ ಮುಂಚೆ ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ. ಪೂರಾ ಇಳಿದ ಬ್ಯಾಟರಿ ಬಂದ ಕರೆಂಟನ್ನೆಲ್ಲ ಹೀರಿಕೊಂಡು, ಒಳ್ಳೆಯ ಚಾರ್ಜಿಂಗನ್ನೂ ಕೆಟ್ಟದ್ದರಂತೆ ತೋರಿಸುತ್ತದೆ. ಈ ಒಂದು ಕಾರಣಕ್ಕೆ ಸರಿ ಇದ್ದ ಸ್ಟೇಟರನ್ನು ಬಿಚ್ಚಿಸಿಕೊಂಡವರನ್ನು ಕಂಡಿದ್ದೇನೆ.

ದಡದ ಮೇಲೆ ಇಂಜಿನ್ ಓಡಿಸುವ ಮುಂಚೆ ಸೀಟು ತೆಗೆದು ಪೆಟ್ರೋಲ್ ಆವಿ ಹೋಗಲು ಬಿಡಿ. ಇಂಜಿನ್‌ಗೆ ತಂಪು ನೀರು ಕೊಡುವ ಫ್ಲಶ್ ಪೈಪ್ ಹಾಕುವುದಾದರೆ ಸಾಮಾನ್ಯ ಕ್ರಮ ಹೀಗೆ: ಮೊದಲು ಇಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್. ಉಲ್ಟಾ ಮಾಡಿದರೆ ಎಕ್ಸಾಸ್ಟ್ ಮೂಲಕ ನೀರು ಇಂಜಿನ್‌ಗೆ ನುಗ್ಗಬಹುದು. ನೀರಿದ್ದರೂ ತುಂಬಾ ಹೊತ್ತು ಓಡಿಸಬೇಡಿ. ಪೈಪಿನ ನೀರು ಎಲ್ಲ ಭಾಗಕ್ಕೂ ಮುಟ್ಟುವುದಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಚಾರ್ಜಿಂಗ್ ಇದ್ದರೆ ಗಾಡಿ ನಿಲ್ಲಲ್ಲ" ಅಂತ ಪರೀಕ್ಷೆ ಮಾಡುವ ಮಹಾನುಭಾವರಿಗೆ ಕೈ ಮುಗಿಯುತ್ತೇನೆ, ದಯವಿಟ್ಟು ಬೇಡ. ಆ ಕ್ಷಣದಲ್ಲಿ ಏರುವ ವೋಲ್ಟೇಜ್ ಇಸಿಯುವನ್ನೇ ಸುಡಬಹುದು.

ಇಷ್ಟಾದ ಮೇಲೂ ಚಾರ್ಜ್ ಬರುತ್ತಿಲ್ಲವೆಂದರೆ ಫ್ಯೂಸ್ ನೋಡಿ, ಆಮೇಲೆ ಕನೆಕ್ಟರ್. ದೊಡ್ಡ ಸಾಮಾನು ಆರ್ಡರ್ ಮಾಡುವುದು ಕೊನೆಗೆ. ಒಬ್ಬರು ಎರಡು ಬ್ಯಾಟರಿ ಬದಲಿಸಿ, ಮೂರನೆಯದನ್ನು ಕಂಕುಳಲ್ಲಿ ಹಿಡಿದುಕೊಂಡೇ ಬಂದಿದ್ದರು. ಸ್ಟೇಟರ್‌ನಿಂದ ರೆಗ್ಯುಲೇಟರ್‌ಗೆ (ಸ್ಟೇಟರ್‌ನ ಎಸಿ ಕರೆಂಟನ್ನು ಡಿಸಿ ಮಾಡಿ, ವೋಲ್ಟೇಜನ್ನು ಹದದಲ್ಲಿಡುವ ಭಾಗ) ಹೋಗುವ ಮೂರು ಹಳದಿ ವೈರ್‌ಗಳ ಕನೆಕ್ಟರ್ ಎಳೆದೆ. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಾಫಿ ಬಣ್ಣಕ್ಕೆ ತಿರುಗಿ ಕರಗಿತ್ತು. ಒಳಗಿನ ಪಿನ್ ಮೇಲೆ ಹಸಿರು ಕಿಲುಬು. ಉಪ್ಪುನೀರಿನ ಗಾಡಿಗಳಲ್ಲಿ ಇದು ದಿನದ ಪಾಡು. ಕಿಲುಬು ಹಿಡಿದ ಜಾಗ ಕರೆಂಟಿಗೆ ಅಡ್ಡ ಬರುತ್ತದೆ, ಬಿಸಿಯಾಗುತ್ತದೆ, ಬಿಸಿಗೆ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಕನೆಕ್ಟರ್ ಬದಲಿಸಿದ್ದೇ ಮೀಟರ್ 14 ದಾಟಿತು. ಅವರು ಆ ಮೂರನೇ ಬ್ಯಾಟರಿಯನ್ನು ನೋಡಿದ ರೀತಿ ಮಾತ್ರ ಮರೆಯಲ್ಲ.

ಬ್ಯಾಟರಿಯ ಮೈನಸ್‌ನಿಂದ ಇಂಜಿನ್‌ಗೆ ಹೋಗುವ ಅರ್ಥ್ ವೈರ್ ಕೂಡ ಹೀಗೇ ಆಟ ಆಡಿಸುತ್ತದೆ. ಇಂಜಿನ್ ರೇಸ್‌ನಲ್ಲಿದ್ದಾಗ ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ ಹಿಡಿಯಿರಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ದಾರಿಯನ್ನು ಬಿಚ್ಚಿ ಉಜ್ಜಿ ಬಿಗಿ ಮಾಡಿ.

ಸ್ಟೇಟರ್ ನೋಡುವುದು ಕಷ್ಟವಿಲ್ಲ. ಕನೆಕ್ಟರ್ ಬಿಚ್ಚಿ, ಮೂರು ವೈರ್‌ಗಳನ್ನು ಎರಡೆರಡಾಗಿ ಅಳೆಯಿರಿ. ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಡಿಮೆ ಬರುತ್ತದೆ. ಮೂರೂ ಒಂದೇ ತರ ಇರುವುದು ಮುಖ್ಯ. ಯಾವ ವೈರೂ ಇಂಜಿನ್ ಬಾಡಿಗೆ ಕಂಟಿನ್ಯುಯಿಟಿ (ಕರೆಂಟ್ ಹರಿಯುವ ಸಂಪರ್ಕ) ತೋರಿಸಬಾರದು. ಇಂಜಿನ್ ಓಡಿಸಿ ಎಸಿ ವೋಲ್ಟ್ ನೋಡಿದರೆ ಮೂರು ಜೋಡಿಯಲ್ಲೂ ಸಮನಾಗಿ ಬಂದು, ವೇಗದ ಜೊತೆ ಏರಬೇಕು. ಒಂದು ಜೋಡಿ ಹಿಂದೆ ಬಿದ್ದರೆ ಸ್ಟೇಟರ್ ಮೇಲೆ ಅನುಮಾನ. ಮೂರೂ ಸರಿ, ವೈರಿಂಗೂ ಸರಿ, ಆದರೂ ಬ್ಯಾಟರಿಗೆ ಡಿಸಿ ಬರುತ್ತಿಲ್ಲವೆಂದರೆ ರೆಗ್ಯುಲೇಟರ್ ಹೋಗಿರುವ ಸಾಧ್ಯತೆ ಹೆಚ್ಚು.

ಏನೂ ಕೆಡದೆಯೂ ಬ್ಯಾಟರಿ ಇಳಿಯುವುದುಂಟು. ಸ್ಪೀಕರ್, ದೊಡ್ಡ ಜಿಪಿಎಸ್ ಎಲ್ಲ ನೇರ ಬ್ಯಾಟರಿಗೆ ಕಟ್ಟಿ, ದಡದ ಹತ್ತಿರವೇ ನಿಧಾನಕ್ಕೆ ಓಡಾಡುತ್ತಾ, ಹತ್ತು ಸಲ ಆಫ್ ಮಾಡಿ ಆನ್ ಮಾಡುವವರಿದ್ದಾರೆ. ಜೆಟ್ ಸ್ಕೀಯ ಸ್ಟೇಟರ್ ಕೊಡುವ ಕರೆಂಟ್ ಕಾರಿನ ಆಲ್ಟರ್ನೇಟರ್‌ಗಿಂತ ಬಹಳ ಕಡಿಮೆ. ಅಂಥವರಿಗೆ ನಾನು ಬರೆದುಕೊಡುವುದು, ಗಾಡಿ ನಿಂತಿರುವಾಗ ಬ್ಯಾಟರಿಯನ್ನು ತುಂಬಿಸಿಡುವ ಒಂದು ಮೇಂಟೆನೆನ್ಸ್ ಚಾರ್ಜರ್ ಮಾತ್ರ.

ಓಡುವಾಗಿನ ಅಂಕಿ 15 ದಾಟಿದರೆ "ಒಳ್ಳೇ ಚಾರ್ಜ್ ಆಗ್ತಿದೆ" ಅಂತ ಖುಷಿಪಡಬೇಡಿ. ರೆಗ್ಯುಲೇಟರ್ ಹಿಡಿತ ತಪ್ಪಿದೆ ಅಂತ ಅರ್ಥ. ಇಂಜಿನ್ ನಿಲ್ಲಿಸಿ. ಬ್ಯಾಟರಿ ಉಬ್ಬಿದ್ದರೆ ಅಥವಾ ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಹತ್ತಿರ ಹೋಗಬೇಡಿ, ಕಿಡಿಯಾಗುವಂಥದ್ದೇನೂ ಮಾಡಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಅವರಿಗೆ ಮೂರೂ ಅಂಕಿ ಹೇಳಿ.