ಪಾಯಿಂಟ್ ಆಂಡ್ ಶೂಟ್: ಗುರಿ ನಮ್ಮದು, ಉಳಿದದ್ದು ಯಾರದು?

ಕನ್ನಡದಲ್ಲಿ ನಾವು ಫೋಟೋ ತೆಗೆಯುತ್ತೇವೆ, ಹಿಡಿಯುತ್ತೇವೆ, ಹೊಡೆಯುತ್ತೇವೆ. ಬರೆಯುವಾಗ 'ಸೆರೆಹಿಡಿದರು' ಎಂದು ಸ್ವಲ್ಪ ಶೃಂಗಾರ ಮಾಡಿದರೂ ಆಡುಮಾತಿಗೆ ಬಂದರೆ 'ಒಂದು ಫೋಟೋ ಹೊಡಿ ಮಾರಾಯ' ಅಷ್ಟೇ. ಇಂಗ್ಲಿಷಿನ 'ಶೂಟ್' ಕೂಡ ಇದೇ ಜಾತಿಯ ಕ್ರಿಯಾಪದ, ಬಂದೂಕಿನ ಕಡೆಯಿಂದ ಬಂದದ್ದು. 'ಸ್ನ್ಯಾಪ್‌ಶಾಟ್' ಅನ್ನುವ ಪದವೂ ಮೊದಲು ಬೇಟೆಗಾರರದ್ದೇ: ಸರಿಯಾಗಿ ಗುರಿ ಹಿಡಿಯದೆ ಅವಸರದಲ್ಲಿ ಹಾರಿಸಿದ ಗುಂಡು ಎಂದು ಅರ್ಥ. ಅದನ್ನು 1860ರಲ್ಲಿ ಛಾಯಾಗ್ರಹಣಕ್ಕೆ ತಂದವನು ವಿಜ್ಞಾನಿ ಜಾನ್ ಹರ್ಷೆಲ್.

'ಪಾಯಿಂಟ್ ಆಂಡ್ ಶೂಟ್' ಅಂದರೆ ಅಕ್ಷರಶಃ 'ಗುರಿಯಿಡು, ಹೊಡಿ'. ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸಿ ಗುಂಡಿ ಒತ್ತಿದರೆ ಸಾಕು ಎಂಬ ಭರವಸೆ ಈ ಹೆಸರಿನಲ್ಲೇ ಇದೆ. ಹೊಸಬರು 'ಸುಲಭವಾದ ಕ್ಯಾಮೆರಾ ಯಾವುದು' ಎಂದು ಕೇಳಿದಾಗೆಲ್ಲ ಉತ್ತರವಾಗಿ ಬರುವುದೂ ಇದೇ ಹೆಸರು. ಆದರೆ ಸುಲಭ ಅಂದರೆ ಗುಂಡಿಗಳು ಕಡಿಮೆ ಇರುವುದಲ್ಲ. ಒಂದು ಫೋಟೋ ಆಗಬೇಕಾದರೆ ಯಾರಾದರೂ ಒಬ್ಬರು ಕೆಲವು ತೀರ್ಮಾನ ಮಾಡಲೇಬೇಕು: ಎಷ್ಟು ದೂರದ ವಸ್ತು ಸ್ಪಷ್ಟವಾಗಿರಬೇಕು, ಎಷ್ಟು ಬೆಳಕು ಒಳಗೆ ಬರಬೇಕು, ಎಷ್ಟು ಹೊತ್ತು ಬರಬೇಕು, ಬಿಳಿ ಯಾವುದೆಂದು ತಿಳಿಯಬೇಕು, ಫ್ಲ್ಯಾಶ್ ಬೇಕೋ ಬೇಡವೋ. ಇವನ್ನೆಲ್ಲ ತಾನೇ ಮಾಡಿಕೊಳ್ಳುವ ಯಂತ್ರವೇ ಪಾಯಿಂಟ್ ಆಂಡ್ ಶೂಟ್. ಹಾಗಾಗಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಎರಡು. ಅದರ ತೀರ್ಮಾನ ಎಷ್ಟು ಸಲ ಸರಿಯಾಗಿರುತ್ತದೆ? ತಪ್ಪಿದಾಗ ನಾನು ಎಷ್ಟು ಬೇಗ 'ಹಾಗಲ್ಲ, ಹೀಗೆ' ಅನ್ನಬಹುದು?

ಈ ಭರವಸೆ ಹಳೆಯದು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ 'ಕೊಡಕ್' ಎಂಬ ಪೆಟ್ಟಿಗೆ ಕ್ಯಾಮೆರಾ ತಂದಾಗ ಜಾಹೀರಾತಿನಲ್ಲಿ ಹೇಳಿದ್ದು 'ನೀವು ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ' ಎಂದು. ಆ ಪೆಟ್ಟಿಗೆಯಲ್ಲಿ 100 ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. ಅವರು ಫೋಟೋ ತೊಳೆದು, ಹೊಸ ಸುರುಳಿ ತುಂಬಿ ವಾಪಸ್ ಕೊಡುತ್ತಿದ್ದರು. ಕಣ್ಣಿಟ್ಟು ನೋಡಲು ವ್ಯೂಫೈಂಡರ್ ಕೂಡ ಇರಲಿಲ್ಲ. ಪೆಟ್ಟಿಗೆಯ ತಲೆಯ ಮೇಲೆ ಇಂಗ್ಲಿಷಿನ 'ವಿ' ಅಕ್ಷರದಂಥ ಗೆರೆ, ಅದರ ನೇರಕ್ಕೆ ಅಂದಾಜು. ಗುರಿಯಿಡುವುದು ಅಂದರೆ ನಿಜಕ್ಕೂ ಗುರಿಯಿಡುವುದೇ. ಫೋಕಸ್ ಮಾಡುವ ಪ್ರಶ್ನೆಯೇ ಇಲ್ಲ, ಲೆನ್ಸ್ ಒಂದೇ ಕಡೆ ನಿಂತಿರುತ್ತಿತ್ತು. ಅಂದರೆ ಆ ಪೆಟ್ಟಿಗೆ ಏನನ್ನೂ ತೀರ್ಮಾನಿಸುತ್ತಿರಲಿಲ್ಲ, ಸುಮ್ಮನೆ ಆಯ್ಕೆಗಳನ್ನೇ ಕಿತ್ತುಹಾಕಿತ್ತು.

ಯಂತ್ರ ನಿಜವಾಗಿ ಯೋಚಿಸತೊಡಗಿದ್ದು ತುಂಬಾ ತಡವಾಗಿ. ತಾನಾಗಿ ಫೋಕಸ್ ಮಾಡುವ, ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಕ್ಯಾಮೆರಾ ಜಪಾನಿನ ಕೋನಿಕಾ ಸಿ35 ಎಎಫ್ ಬಂದದ್ದು 1977ರಲ್ಲಿ. ಫಿಲ್ಮ್ ಹೋಗಿ ಡಿಜಿಟಲ್ ಬಂದ ಮೇಲೆ ಸುಲಭಕ್ಕೆ ಇನ್ನೊಂದು ಅರ್ಥ ಸೇರಿತು. 1995ರ ಕ್ಯಾಸಿಯೋ ಕ್ಯೂವಿ-10ರ ಬೆನ್ನಿಗೆ ಪುಟ್ಟ ಪರದೆ ಇತ್ತು. ತೆಗೆದದ್ದನ್ನು ಆಗಲೇ ನೋಡಬಹುದು, ಕೆಟ್ಟಿದ್ದರೆ ಅಳಿಸಿ ಮತ್ತೆ ಹೊಡೆಯಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದು ಬಂದಿಲ್ಲ ಅಂತಲೇ ನನ್ನ ಲೆಕ್ಕ. ಸೋಲನ್ನು ನೋಡಲು ಸುರುಳಿ ಮುಗಿಯುವ ತನಕ ಕಾಯಬೇಕಾಗಿಲ್ಲವಲ್ಲ.

ಪರಿಣತರು ಈ ಜಾತಿಯನ್ನು ಗೇಲಿ ಮಾಡುವುದೂ ಉಂಟು. ಇಂಗ್ಲಿಷಿನಲ್ಲಿ ಇದಕ್ಕೆ 'ಪಿಎಚ್‌ಡಿ ಕ್ಯಾಮೆರಾ' ಎಂಬ ಅಡ್ಡಹೆಸರಿದೆ. ಡಾಕ್ಟರೇಟ್ ಅಲ್ಲ, 'ಪುಶ್ ಹಿಯರ್, ಡಮ್ಮಿ', ಅಂದರೆ 'ಇಲ್ಲಿ ಒತ್ತೋ ಪೆದ್ದೇ'. ಗೇಲಿ ಗೇಲಿಯ ಜಾಗದಲ್ಲಿರಲಿ. ಒತ್ತುವುದರಲ್ಲೇ ಒಂದು ಗುಟ್ಟಿದೆ, ಅದು ಈ ಹೆಸರಿನಲ್ಲಿ ಕಾಣುವುದಿಲ್ಲ.

ಗುಂಡಿಗೆ ಎರಡು ಮೆಟ್ಟಿಲು. ಮೆಲ್ಲಗೆ ಅರ್ಧ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುತ್ತದೆ, ಬೆಳಕು ಅಳೆಯುತ್ತದೆ. ಸಿಕ್ಕಿದರೆ ಪರದೆಯ ಮೇಲೆ ಹಸಿರು ಚೌಕ ಮೂಡುತ್ತದೆ, ಬಹುಪಾಲು ಕ್ಯಾಮೆರಾಗಳಲ್ಲಿ 'ಬೀಪ್' ಸದ್ದೂ ಬರುತ್ತದೆ. ಪೂರ್ತಿ ಒತ್ತಿದಾಗ ಮಾತ್ರ ಚಿತ್ರ. ಹೊಸಬರು ಒಂದೇ ಏಟಿಗೆ ಕೆಳತನಕ ಒತ್ತಿಬಿಡುತ್ತಾರೆ. ಆಗ ಹುಡುಕುವುದು, ಅಳೆಯುವುದು, ಹೊಡೆಯುವುದು ಎಲ್ಲ ಒಟ್ಟಿಗೆ ಆಗಬೇಕು, ಕೈಯೂ ಅಲುಗುತ್ತದೆ, ಮಗು ತಲೆ ತಿರುಗಿಸಿ ಹೋಗಿಯಾಗಿರುತ್ತದೆ. 'ಈ ಕ್ಯಾಮೆರಾ ನಿಧಾನ' ಎಂಬ ದೂರುಗಳಲ್ಲಿ ಅರ್ಧಕ್ಕರ್ಧ ಈ ಅರ್ಧ ಒತ್ತು ಗೊತ್ತಿಲ್ಲದ್ದರಿಂದ ಬಂದವು ಎಂದು ನನ್ನ ಗುಮಾನಿ. ಪಕ್ಕಕ್ಕೆ ನಿಂತವರ ಮುಖಕ್ಕೆ ಫೋಕಸ್ ಮಾಡಬೇಕೆ? ಅವರನ್ನು ನಡುವೆ ಇಟ್ಟು ಅರ್ಧ ಒತ್ತಿ, ಬೆರಳು ಬಿಡದೆ ಕ್ಯಾಮೆರಾ ಸರಿಸಿ, ಆಮೇಲೆ ಪೂರ್ತಿ ಒತ್ತುವುದು.

ಇನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವ ಅಂಕೆಗಳು. ಮೆಗಾಪಿಕ್ಸೆಲ್, ಅಂದರೆ ಚಿತ್ರದಲ್ಲಿ ಎಷ್ಟು ಹತ್ತು ಲಕ್ಷ ಚುಕ್ಕಿಗಳಿವೆ ಎಂಬ ಲೆಕ್ಕ, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 4 ಇಂಚಿಗೆ 6 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೂ ಬೇಕಾಗುವುದು 2 ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು. 4ಕೆ ಟಿವಿಯ ಪರದೆ ತುಂಬಲು 8ರ ಆಸುಪಾಸು. ಜೂಮ್ ವಿಷಯದಲ್ಲಿ ಆಪ್ಟಿಕಲ್, ಅಂದರೆ ಲೆನ್ಸೇ ದೂರದ್ದನ್ನು ಹತ್ತಿರ ತರುವುದು, ಎಂದು ಬರೆದದ್ದನ್ನಷ್ಟೇ ಎಣಿಸಿ. ಡಿಜಿಟಲ್ ಜೂಮ್ ಅನ್ನುವುದು ಇದ್ದ ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುವುದು, ಆ ಕೆಲಸ ಮನೆಗೆ ಬಂದು ಕಂಪ್ಯೂಟರಿನಲ್ಲೂ ಆಗುತ್ತದೆ.

ಯಾರೂ ದೊಡ್ಡದಾಗಿ ಅಚ್ಚು ಹಾಕದ ಅಂಕೆಯೇ ಮುಖ್ಯವಾದದ್ದು: ಸೆನ್ಸರ್ ಅಳತೆ. ಬೆಳಕು ಬಿದ್ದು ಚಿತ್ರವಾಗುವ ಜಾಗ ಅದು. ಬಹುಪಾಲು ಚಿಕ್ಕ ಕ್ಯಾಮೆರಾಗಳಲ್ಲಿ ಇರುವುದು '1/2.3 ಇಂಚು' ಎಂಬ ಸೆನ್ಸರ್, ನಿಜದಲ್ಲಿ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಕಿರುಬೆರಳಿನ ಉಗುರಿಗಿಂತ ಸಣ್ಣದು. '1 ಇಂಚು' ಎಂದು ಕರೆಸಿಕೊಳ್ಳುವುದು 13.2ಕ್ಕೆ 8.8 ಮಿಲಿಮೀಟರ್. ಇಂಚು ಅಂದಮೇಲೆ 25.4 ಇರಬೇಕಲ್ಲ ಎಂದು ನೀವು ಕೇಳಿದರೆ ನ್ಯಾಯವೇ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಗೆ ಅದರ ಹೊರಗಿನ ವ್ಯಾಸದಿಂದ ಹೆಸರಿಡುತ್ತಿದ್ದರು, ಚಿತ್ರ ಮೂಡುವ ಜಾಗ ಒಳಗೆ ಅದಕ್ಕಿಂತ ಎಷ್ಟೋ ಚಿಕ್ಕದು. ಕೊಳವೆ ಹೋಯಿತು, ಹೆಸರು ಉಳಿಯಿತು, ಮಾರುವವರಿಗೆ ಅನುಕೂಲವೇ ಆಯಿತು. ಹೆಸರು ಹೇಗೇ ಇರಲಿ, ಮೊದಲನೆಯದಕ್ಕಿಂತ ಎರಡನೆಯದರ ವಿಸ್ತೀರ್ಣ ನಾಲ್ಕು ಪಟ್ಟು. ಮನೆಯೊಳಗಿನ ಸಂಜೆ ಬೆಳಕಿನಲ್ಲಿ ಚಿಕ್ಕ ಸೆನ್ಸರಿನ ಚಿತ್ರ ರವೆ ಚೆಲ್ಲಿದ ಹಾಗೆ ಕಾಣುತ್ತದೆ, ದೊಡ್ಡದರಲ್ಲಿ ಆ ಕಾಟ ಕಡಿಮೆ. ಚಿಕ್ಕ ಸೆನ್ಸರಿಗೂ ಒಂದು ಗುಣವಿದೆ ಅನ್ನಿ: ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಬರುವ ಸಂಭವ ಹೆಚ್ಚು, ಹೊಸಬರ ಫೋಕಸ್ ತಪ್ಪನ್ನು ಅದು ಮುಚ್ಚಿಹಾಕುತ್ತದೆ. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣಬೇಕೆಂಬ ಆಸೆ ಇದ್ದವರಿಗೆ ಅದೇ ಗುಣ ದೋಷ.

ಎರಡನೆಯ ಪ್ರಶ್ನೆಗೆ, ಅಂದರೆ ಯಂತ್ರದ ಮಾತನ್ನು ತಿದ್ದುವುದಕ್ಕೆ, ಒಂದೇ ಸಲಕರಣೆ ಸಾಕು ಅನ್ನುವವನು ನಾನು: ಕೂಡು ಮತ್ತು ಕಳೆ ಚಿಹ್ನೆಗಳಿರುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಯಂತ್ರ ತೀರ್ಮಾನಿಸಿದ್ದಕ್ಕಿಂತ ಚಿತ್ರವನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಗುಂಡಿ. ಬೆಳಕು ಅಳೆಯುವ ಯಂತ್ರಕ್ಕೆ ಜಗತ್ತೆಲ್ಲ ಸರಾಸರಿ ಬೂದು ಎಂಬ ಮೂಲ ನಂಬಿಕೆ. ಎದುರಿಗೆ ಹಿಮ ಇದ್ದರೂ ಅದನ್ನು ಬೂದು ಮಾಡುತ್ತದೆ, ಕಪ್ಪು ನಾಯಿ ಇದ್ದರೂ ಅದನ್ನು ಬೂದು ಬಣ್ಣದ ಕಡೆಗೇ ಎಳೆಯುತ್ತದೆ. ಹಿಮಕ್ಕೆ ಕೂಡು ಒಂದು, ನಾಯಿಗೆ ಕಳೆ ಒಂದು, ಅಲ್ಲಿಗೆ ಸರಿಹೋಗುತ್ತದೆ. ಷಟರ್ ವೇಗ (ಬೆಳಕು ಎಷ್ಟು ಹೊತ್ತು ಬರಬೇಕು), ಅಪರ್ಚರ್ (ಅದು ಬರುವ ಕಿಂಡಿ ಎಷ್ಟು ಅಗಲ), ಐಎಸ್‌ಒ (ಬಂದ ಬೆಳಕನ್ನು ಎಷ್ಟು ಹೆಚ್ಚಿಸಿಕೊಳ್ಳಬೇಕು) ಇವುಗಳ ನಂಟನ್ನು ಕಲಿಯುವುದು ಆಮೇಲಾದರೂ ಆದೀತು. ಈ ಗುಂಡಿ ಕೈಗೆ ಸಿಗುವ ಜಾಗದಲ್ಲಿದೆಯೋ, ಮೆನುವಿನ ನಾಲ್ಕನೇ ಪುಟದಲ್ಲಿ ಅಡಗಿದೆಯೋ ಎಂದು ಕೊಳ್ಳುವ ಮೊದಲು ನೋಡಿ. 'ಸೂರ್ಯಾಸ್ತ', 'ಪಟಾಕಿ', 'ಸಾಕುಪ್ರಾಣಿ' ಎಂಬ ಹತ್ತಾರು ಸೀನ್ ಮೋಡ್‌ಗಳಿಗೆ ಮರುಳಾಗಬೇಕಾಗಿಲ್ಲ, ಎರಡು ವಾರದ ಮೇಲೆ ಯಾರೂ ಅವನ್ನು ಮುಟ್ಟುವುದಿಲ್ಲ.

ಈಗ ಕಿಸೆಯ ಫೋನೇ ಎಲ್ಲರ ಪಾಯಿಂಟ್ ಆಂಡ್ ಶೂಟ್. ಹಾಗಿದ್ದ ಮೇಲೆ ಬೇರೆ ಕ್ಯಾಮೆರಾ ಯಾಕೆ ಎಂಬ ಪ್ರಶ್ನೆಗೆ ನಿಜವಾದ ಉತ್ತರಗಳು ಎರಡೋ ಮೂರೋ ಇವೆ. ಉದ್ದದ ಆಪ್ಟಿಕಲ್ ಜೂಮ್, ಫೋನಿನದಕ್ಕಿಂತ ದೊಡ್ಡ ಸೆನ್ಸರ್, ಫೋಟೋ ತೆಗೆಯುವಾಗ ಮೆಸೇಜು ಬಂದು ತಡೆಯದಿರುವುದು. ಇವುಗಳಲ್ಲಿ ಒಂದೂ ಬೇಡವೆಂದರೆ ಕೊಳ್ಳುವುದೇ ಬೇಡ.

ಕೊಳ್ಳುವುದಾದರೆ ಇದೊಂದು ಎಚ್ಚರ. ಇದೇ ಹೆಸರು ಹೊತ್ತು, ಹಿಂದೆಂದೂ ಕೇಳದ ಬ್ರ್ಯಾಂಡುಗಳ ಅಗ್ಗದ ಕ್ಯಾಮೆರಾಗಳು ಬರುತ್ತಿವೆ. ಪೆಟ್ಟಿಗೆ ಮೇಲೆ 48 ಮೆಗಾಪಿಕ್ಸೆಲ್ ಎಂದು ಇರುತ್ತದೆ. ಎಷ್ಟೋ ಸಲ ಅದು ಸಣ್ಣ ಚಿತ್ರವನ್ನು ಒಳಗೇ ಹಿಗ್ಗಿಸಿ ತೋರಿಸಿದ ಅಂಕೆ. ಕೆಲವದಕ್ಕೆ ಫೋಕಸ್ ಮಾಡುವ ಯಂತ್ರವೇ ಇರುವುದಿಲ್ಲ, 1888ರ ಪೆಟ್ಟಿಗೆಯಂತೆ ಲೆನ್ಸ್ ಒಂದೇ ಕಡೆ ನಿಂತಿರುತ್ತದೆ. ಪರೀಕ್ಷೆ ಸುಲಭ. ನಿಮ್ಮ ಅಂಗೈಯನ್ನು ಒಂದಡಿ ದೂರದಲ್ಲಿ ಹಿಡಿದು ಗುಂಡಿಯನ್ನು ಅರ್ಧ ಒತ್ತಿ, ಆಮೇಲೆ ದೂರದ ಗೋಡೆಗೆ ತಿರುಗಿಸಿ ಮತ್ತೆ ಅರ್ಧ ಒತ್ತಿ. ಪರದೆಯಲ್ಲಿ ಅಂಗೈ ಗೆರೆ ಮಸುಕಿನಿಂದ ತಿಳಿಯಾಗಬೇಕು, ಗೋಡೆಗೂ ಹಾಗೇ ಆಗಬೇಕು. ಎರಡೂ ಸಲ ಏನೂ ಕದಲದಿದ್ದರೆ ವಾಪಸ್ ಕೊಟ್ಟುಬಿಡಿ.