ಬೆಳ್ಳಿ ಬೆರೆಸಿದರೂ ಗ್ಲೇಜ್ ಬೆಳ್ಳಗೆ ಹೊಳೆಯುವುದಿಲ್ಲವೇಕೆ?

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮದೊಂದು ಸಣ್ಣ ಪಾಟರಿ ಇದೆ. ಪಾತ್ರೆಗೆ ಗಾಜಿನ ಪದರ ಕೊಡುವ ಪಾರದರ್ಶಕ ಗ್ಲೇಜ್‌ಗೆ ನೂರಕ್ಕೆ 2ರಂತೆ ಸಿಲ್ವರ್ ನೈಟ್ರೇಟ್ ಬೆರೆಸಿ ವಿದ್ಯುತ್ ಕುಲುಮೆಯಲ್ಲಿ 1200 ಡಿಗ್ರಿಗೆ ಸುಟ್ಟೆವು. ಬಂದದ್ದು ಮಾಸಲು ಹಳದಿ, ನಡುನಡುವೆ ಬೂದು ಚುಕ್ಕೆ. ತಪ್ಪಿದ್ದೆಲ್ಲಿ?

ಉತ್ತರ: ಮೊದಲು ನೀರು ನೋಡಿರಿ. ನಮ್ಮ ಕಡೆ ಎಷ್ಟೋ ಬೋರ್‌ವೆಲ್‌ಗಳ ನೀರು ಸವಳು. ಅದರಲ್ಲಿನ ಕ್ಲೋರೈಡ್ ತಾಗಿದರೆ ಸಾಕು, ಸಿಲ್ವರ್ ನೈಟ್ರೇಟ್ ಒಡೆದ ಹಾಲಿನಂತೆ ಕಟ್ಟಿ ತಳಕ್ಕೆ ಕೂರುತ್ತದೆ. ಹೀಗೆ ಗಂಟುಕಟ್ಟಿದ ಬೆಳ್ಳಿ ಗ್ಲೇಜ್‌ನಲ್ಲಿ ಸಮನಾಗಿ ಹರಡದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿರಿ.

ದೊಡ್ಡ ಕಾರಣ ಶಾಖ. ಸಿಲ್ವರ್ ನೈಟ್ರೇಟ್ ಸುಮಾರು 440 ಡಿಗ್ರಿಯಲ್ಲೇ ಒಡೆದು ಬೆಳ್ಳಿ ಉಳಿಯುತ್ತದೆ, 962ಕ್ಕೆ ಆ ಬೆಳ್ಳಿಯೂ ಕರಗುತ್ತದೆ. 1200ರಲ್ಲಿ ಸ್ವಲ್ಪ ಆವಿಯಾಗಿ ಹೋಗುತ್ತದೆ, ಸ್ವಲ್ಪ ಹನಿಗಟ್ಟುತ್ತದೆ, ಉಳಿದದ್ದು ಗಾಜಿನಲ್ಲಿ ಕರಗಿ ಮಂಕಾಗುತ್ತದೆ. ಇನ್ನು ಹಳದಿಯ ವಿಷಯ. ಗಾಜಿನೊಳಗೆ ಅತಿ ಸೂಕ್ಷ್ಮ ಕಣವಾಗಿ ನಿಂತ ಬೆಳ್ಳಿ ನೇರಳೆ ಬೆಳಕನ್ನು ಹೀರುತ್ತದೆ, ಆದ್ದರಿಂದ ನಮ್ಮ ಕಣ್ಣಿಗೆ ಹಳದಿ. ಕನ್ನಡಿಯಂಥ ಬಿಳಿ ಹೊಳಪು ಬೇಕಿದ್ದರೆ ಬೆಳ್ಳಿಯ ದಾರಿಯೇ ಬೇಡ. ಅಂಗಡಿಯ ‘ಸಿಲ್ವರ್ ಲಸ್ಟರ್’ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಪ್ಲಾಟಿನಂ ಅಥವಾ ಪಲ್ಲೇಡಿಯಂ. ಬೆಳ್ಳಿಯಾದರೆ ಗಾಳಿಯ ಗಂಧಕಕ್ಕೆ ಕಪ್ಪಾದೀತು.

ಬೆಳ್ಳಿ ನಿಜವಾಗಿ ಕೊಡುವುದು ಜೇನುಬಣ್ಣದ ಮಿನುಗು. 9ನೇ ಶತಮಾನದಲ್ಲಿ ಇರಾಕಿನ ಕುಂಬಾರರು ಕಂಡುಕೊಂಡ ಆ ಪದ್ಧತಿಯಲ್ಲಿ ಬೆಳ್ಳಿಯನ್ನು ಗ್ಲೇಜ್‌ಗೆ ಬೆರೆಸುವುದಿಲ್ಲ, ಸುಟ್ಟ ಗ್ಲೇಜ್ ಮೇಲೆ ಬಳಿದು ಹೊಗೆಯಲ್ಲಿ ಮತ್ತೊಮ್ಮೆ ಸುಡುತ್ತಾರೆ.

ಈ ಮಿನುಗು ಬೇಕಿದ್ದರೆ ಮೊದಲು, ಸೀಸವಿಲ್ಲದ, ಸೋಡಾ ಹೆಚ್ಚಿರುವ, ಕರಗಿಸಿ ಪುಡಿಮಾಡಿದ ಗಾಜಾದ ಫ್ರಿಟ್‌ನ ಗ್ಲೇಜ್‌ಗೆ ನೂರಕ್ಕೆ 5 ಟಿನ್ ಆಕ್ಸೈಡ್ ಸೇರಿಸಿ ಸುಮಾರು 1050ಕ್ಕೆ ಸುಟ್ಟುಕೊಳ್ಳಿರಿ. ಹೊಗೆಯಲ್ಲಿ ಎರಡನೇ ಸಲ ಸುಡುವುದು 650ರಲ್ಲಿ. ಆಗ ಮೆತ್ತಗಾದ ಗಾಜಿನಲ್ಲಿ ಸೋಡಿಯಂ ಬಿಟ್ಟ ಜಾಗಕ್ಕೆ ಬೆಳ್ಳಿ ಸೇರುತ್ತದೆ. ನಿಮ್ಮ 1200ರ ಗ್ಲೇಜ್ 650ರಲ್ಲಿ ಕಲ್ಲಿನಂತೆ ಬಿಗಿಯಾಗಿರುತ್ತದೆ, ಅದಕ್ಕೆ ಬಳಿದರೆ ಬೆಳ್ಳಿ ದಂಡ.

ಬಳಿಯಲು, ಬಟ್ಟೆಯಲ್ಲಿ ಶೋಧಿಸಿದ ಜಾಜು (ಕೆಮ್ಮಣ್ಣು) 9 ಗ್ರಾಂ, ಸಿಲ್ವರ್ ಕಾರ್ಬೊನೇಟ್ 1 ಗ್ರಾಂ, ಎರಡು ಹನಿ ಗೋಂದು. ಇದು ಪ್ರಯೋಗದ ಅಳತೆ. ನಿಮ್ಮ ಗ್ಲೇಜ್‌ಗೆ ತಕ್ಕಂತೆ ತಿದ್ದಿಕೊಳ್ಳಿರಿ. ಕಾರ್ಬೊನೇಟ್ ನೀರಿನಲ್ಲಿ ಕರಗದ ಕಾರಣ ಕುಂಚಕ್ಕೆ ಹಿತ. ಅದರಲ್ಲಿ ಬೆಳ್ಳಿ ನೂರಕ್ಕೆ 78, ನೈಟ್ರೇಟ್‌ನಲ್ಲಿ 63.5.

ಸುಡುವುದು ಗ್ಯಾಸ್ ಅಥವಾ ಕಟ್ಟಿಗೆಯ ಕುಲುಮೆಯಲ್ಲಿ, ಬಯಲಲ್ಲಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ವಿದ್ಯುತ್ ಕುಲುಮೆಯಲ್ಲಿ ಹೊಗೆ ಹಾಕಿದರೆ ಕಾಯಿಲ್ ಬೇಗ ಹಾಳಾಗುತ್ತದೆ. ನಿಧಾನವಾಗಿ 650ಕ್ಕೆ ಏರಿಸಿ, ಹೊಗೆಗಂಡಿ ಅರ್ಧ ಮುಚ್ಚಿ, ಕಾಗದದಲ್ಲಿ ಕಟ್ಟಿದ ಒಣ ಭತ್ತದ ಹೊಟ್ಟು ಒಳಗೆ ಬಿಡಿರಿ. ನಾಲ್ಕೈದು ನಿಮಿಷ ಹೊಗೆ, ಅಷ್ಟೇ ಹೊತ್ತು ತೆರೆದ ಗಾಳಿ, ಹೀಗೆ ಮೂರ್ನಾಲ್ಕು ಸಲ. ಗಂಗಾವತಿ ಕಡೆ ಹೊಟ್ಟಿಗೇನೂ ಬರವಿಲ್ಲ.

ಇಲ್ಲಿ ಗಡಿಯಾರಕ್ಕಿಂತ ಉಂಗುರ ನಂಬಿರಿ. ಅದೇ ಗ್ಲೇಜ್, ಅದೇ ಲೇಪದ ಮಣ್ಣಿನ ಉಂಗುರ ನಾಲ್ಕನ್ನು ಕುಲುಮೆಯ ಕಿಂಡಿಯ ಹತ್ತಿರ ಇಟ್ಟು, ಪ್ರತಿ ಸುತ್ತು ಮುಗಿದಾಗ ಕಬ್ಬಿಣದ ಕಡ್ಡಿಯಿಂದ ಒಂದನ್ನು ಎಳೆಯಿರಿ. ಆರಿದ ಮೇಲೆ ಒದ್ದೆ ಬೂದಿಯಿಂದ ಉಜ್ಜಿದರೆ ಸುಟ್ಟ ಜಾಜು ಪುಡಿಯಾಗಿ ಉದುರಿ ಕೆಳಗೆ ಬಂಗಾರದ ಗೆರೆ ಕಾಣಬೇಕು. ಏನೂ ಕಾಣದಿದ್ದರೆ ಶಾಖ ಅಥವಾ ಹೊಗೆ ಸಾಲದು. ಜಾಜು ಕಿತ್ತುಬಾರದಿದ್ದರೆ ಶಾಖ ಮೀರಿ ಗ್ಲೇಜ್‌ಗೆ ಅಂಟಿಕೊಂಡಿದೆ, 20 ಡಿಗ್ರಿ ಇಳಿಸಿರಿ. ಗೆರೆ ಕಪ್ಪಗಿದ್ದರೆ ಹೊಗೆ ಜಾಸ್ತಿ.

ಇಂಥ ಪಾತ್ರೆ ಅಲಂಕಾರಕ್ಕಿರಲಿ, ಹುಳಿ ಪದಾರ್ಥ ಹಾಕಬೇಡಿರಿ. ನೈಟ್ರೇಟ್ ಮುಟ್ಟುವಾಗ ಕೈಗವಸು, ಕನ್ನಡಕ ಬೇಕೇಬೇಕು: ಚರ್ಮ ಕಪ್ಪಾಗುತ್ತದೆ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಬೆಳ್ಳಿ ದ್ರಾವಣಕ್ಕೆ ಅಮೋನಿಯಾ ಸೇರಿಸಿ ಇಡಬಾರದು, ಸಿಡಿಯುವ ವಸ್ತು ಹುಟ್ಟುತ್ತದೆ. ಉಳಿದ ನೈಟ್ರೇಟ್ ನೀರನ್ನು ಚರಂಡಿಗೆ ಸುರಿಯಬೇಡಿರಿ. ಚಿಟಿಕೆ ಅಡುಗೆ ಉಪ್ಪು ಹಾಕಿ ರಾತ್ರಿ ಬಿಟ್ಟರೆ ಬೆಳ್ಳಿ ಬಿಳಿ ಗಸಿಯಾಗಿ ಕೂರುತ್ತದೆ. ಅದನ್ನು ಸೋಸಿ ಡಬ್ಬಿಯಲ್ಲಿ ಕೂಡಿಡಿರಿ.