ಭೂಮಿಯ ಎರಡು ಚಲನೆಗಳು: ಕೋಲಿನ ನೆರಳು ಹೇಳುವ ಲೆಕ್ಕ

ದೈನಂದಿನ ಚಲನೆಯಿಂದ ಹಗಲು-ರಾತ್ರಿ, ವಾರ್ಷಿಕ ಚಲನೆಯಿಂದ ಋತುಗಳು. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಆದರೆ ಬಿಸಿಲಲ್ಲಿ ನೆಟ್ಟ ಒಂದು ಮೀಟರ್ ಕೋಲಿನ ನೆರಳಿನಲ್ಲಿ ಈ ಎರಡೂ ಚಲನೆಗಳನ್ನು ಅಳೆದೇ ನೋಡಬಹುದು. ಹಾಗೆ ಕಲಿತದ್ದು ಮರೆಯುವುದಿಲ್ಲ. ಬೆಂಗಳೂರನ್ನೇ ತೆಗೆದುಕೊಳ್ಳೋಣ.

ಮೊದಲು ದೈನಂದಿನ ಚಲನೆ. ಭೂಮಿ ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ 4 ಸೆಕೆಂಡು ಸಾಕು. ಹಾಗಾದರೆ ದಿನಕ್ಕೆ 24 ಗಂಟೆ ಹೇಗೆ? ಅಷ್ಟು ಹೊತ್ತಿಗೆ ಭೂಮಿ ಕಕ್ಷೆಯಲ್ಲಿ ಸುಮಾರು 1 ಡಿಗ್ರಿ ಮುಂದೆ ಹೋಗಿರುತ್ತದೆ. ಸೂರ್ಯನಿಗೆ ಮತ್ತೆ ಮುಖ ಮಾಡಲು ಇನ್ನೊಂದು ಡಿಗ್ರಿ ತಿರುಗಬೇಕು, ಅದಕ್ಕೆ 4 ನಿಮಿಷ. ರೇಖಾಂಶದ ಲೆಕ್ಕದಲ್ಲಿ ಬರುವ '1 ಡಿಗ್ರಿಗೆ 4 ನಿಮಿಷ' ಇದೇ.

ಈಗ ಕೋಲಿನ ಬಳಿ ಬನ್ನಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ನಡುಮಧ್ಯಾಹ್ನ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಇದೇ ಶೂನ್ಯ ನೆರಳಿನ ದಿನ. ಆದರೆ ಏಪ್ರಿಲ್‌ನಲ್ಲಿ ಆಗ ಗಡಿಯಾರ ತೋರಿಸುವುದು 12 ಅಲ್ಲ, ಸುಮಾರು 12:17. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬೆಂಗಳೂರು ಇರುವುದು 77.6ರಲ್ಲಿ. 4.9 ಡಿಗ್ರಿಯನ್ನು 4ರಿಂದ ಗುಣಿಸಿದರೆ ಸುಮಾರು 20 ನಿಮಿಷ ತಡ. ಉಳಿದ ಎರಡು-ಮೂರು ನಿಮಿಷದ ವ್ಯತ್ಯಾಸ ಕಕ್ಷೆಯ ದೀರ್ಘವೃತ್ತಾಕಾರ ಮತ್ತು ಅಕ್ಷದ ಓರೆಯಿಂದ ಬರುತ್ತದೆ. ಆಗಸ್ಟ್‌ನಲ್ಲಿ ಅದು ಇನ್ನೊಂದು ಕಡೆಗೆ ವಾಲಿ, ನೆರಳು ಮಾಯವಾಗುವುದು 12:24ರ ಸುಮಾರಿಗೆ. ಮಂಗಳೂರು ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿದೆ. ಅಲ್ಲಿಯೂ ದಿನ ಹತ್ತಿರಹತ್ತಿರ ಅದೇ, ಗಳಿಗೆ ಮಾತ್ರ 11 ನಿಮಿಷ ತಡ. ದಿನವನ್ನು ಅಕ್ಷಾಂಶ ನಿರ್ಧರಿಸುತ್ತದೆ, ಗಳಿಗೆಯನ್ನು ರೇಖಾಂಶ. ಬೀದರ್ ಉತ್ತರಕ್ಕಿರುವುದರಿಂದ ಅಲ್ಲಿ ಶೂನ್ಯ ನೆರಳು ಮೇ ಎರಡನೇ ವಾರದಲ್ಲಿ. ದೆಹಲಿಗೆ ಈ ದಿನ ಎಂದೂ ಬರುವುದಿಲ್ಲ, ಏಕೆಂದರೆ ಅದು ಸೂರ್ಯ ನೆತ್ತಿಯ ಮೇಲೆ ಬರುವ ಉತ್ತರದ ಗಡಿಯಾದ ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿದೆ.

ವರ್ಷವಿಡೀ ನೆರಳು ಬದಲಾಗುವುದು ವಾರ್ಷಿಕ ಚಲನೆಯಿಂದ. ಅಕ್ಷ 23.5 ಡಿಗ್ರಿ ಓರೆಯಾಗಿದ್ದು, ಸುತ್ತುವಾಗಲೂ ಅದೇ ದಿಕ್ಕಿಗೆ ನಿಂತಿರುತ್ತದೆ. ಹೀಗಾಗಿ ಬೆಂಗಳೂರಿನಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಕೋಲಿನ ನೆರಳು ಉತ್ತರಕ್ಕೆ 74 ಸೆಂಟಿಮೀಟರ್, ಜೂನ್ 21ರಂದು ದಕ್ಷಿಣಕ್ಕೆ ಸುಮಾರು 18. ಹೌದು, ದಕ್ಷಿಣಕ್ಕೆ! ಭಾರತದಲ್ಲಿ ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೇ ಬೀಳುತ್ತದೆ ಎಂದು ಬರೆದರೆ ಅಂಕ ಹೋಯಿತು.

ಋತುಗಳಿಗೆ ಸೂರ್ಯನ ದೂರ ಕಾರಣವಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ. ನಮಗೆ ಚಳಿ ಇರುವುದು ಜನವರಿಯಲ್ಲೇ! ಕಿರಣ ಎಷ್ಟು ನೇರವಾಗಿ ಬೀಳುತ್ತದೆ, ಹಗಲು ಎಷ್ಟು ಉದ್ದ ಎಂಬುದೇ ಮುಖ್ಯ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲು ಸುಮಾರು 12 ಗಂಟೆ 53 ನಿಮಿಷ, ಅತಿ ಚಿಕ್ಕದು 11 ಗಂಟೆ 22 ನಿಮಿಷ. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಈ ಅಂತರ ಹಿಗ್ಗುತ್ತದೆ.

ನಮ್ಮ ಮುಂಗಾರಿನಲ್ಲೂ ದೈನಂದಿನ ಚಲನೆಯ ಕೈವಾಡವಿದೆ. ದಕ್ಷಿಣ ಗೋಳಾರ್ಧದ ಆಗ್ನೇಯ ಮಾರುತಗಳು ಸಮಭಾಜಕ ವೃತ್ತ ದಾಟುತ್ತಲೇ ಕೊರಿಯೊಲಿಸ್ ಪರಿಣಾಮದಿಂದ (ಭೂಮಿ ತಿರುಗುವುದರಿಂದ ಗಾಳಿಯ ದಾರಿ ಬಾಗುವುದು) ಬಲಕ್ಕೆ ಬಾಗಿ ನೈಋತ್ಯ ಮಾರುತಗಳಾಗುತ್ತವೆ. ಕರಾವಳಿ ಮತ್ತು ಮಲೆನಾಡಿಗೆ ಮಳೆ ತರುವುದು ಇವೇ.

ಉತ್ತರಾಯಣದ ಗೊಂದಲ ಬಹಳ ಜನರಿಗಿದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಾವು ಎಳ್ಳು-ಬೆಲ್ಲ ಹಂಚುವುದು ಜನವರಿ 14ರ ಸುಮಾರಿಗೆ. ಭೂಮಿಯ ಅಕ್ಷವೇ ಸುಮಾರು 26,000 ವರ್ಷಕ್ಕೊಮ್ಮೆ ನಿಧಾನವಾಗಿ ಒಂದು ಸುತ್ತು ಹೊಡೆಯುತ್ತದೆ. ಆದ್ದರಿಂದ ನಕ್ಷತ್ರಗಳ ಲೆಕ್ಕ ಹಿಡಿಯುವ ನಮ್ಮ ಪಂಚಾಂಗದ ಮಕರ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಾ ಬಂದಿದೆ. ಭೂಗೋಳದ ಉತ್ತರಪತ್ರಿಕೆಯಲ್ಲಿ ಡಿಸೆಂಬರ್ ದಿನಾಂಕವನ್ನೇ ಬರೆಯಿರಿ.